ಗ್ರಾಫಿಕ್ಸ್ ಕಾರ್ಡ್ ಸದ್ದು ಮಾಡುತ್ತಿದೆಯೇ? ಫ್ಯಾನಿಗಿಂತ ಮೊದಲು ವ್ಯಾಟ್ ನೋಡಿ

ರಾತ್ರಿ ಹನ್ನೊಂದಕ್ಕೆ ರೆಂಡರ್ ಹಾಕಿ ಮಲಗುವುದು ನನ್ನ ಕೆಲಸದ ಕ್ರಮ. ಮನೆಗಳ ಒಳಾಂಗಣದ ಚಿತ್ರಗಳನ್ನು ಬ್ಲೆಂಡರ್‌ನಲ್ಲಿ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್) ಮಾಡಿಕೊಡುತ್ತೇನೆ. ಕಂಪ್ಯೂಟರ್ ಲೆಕ್ಕ ಹಾಕಿ ಆ ಚಿತ್ರವನ್ನು ಮೂಡಿಸುವುದೇ ರೆಂಡರ್. ಅದಕ್ಕೆ ಕಾರ್ಡು ಗಂಟೆಗಟ್ಟಲೆ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಕಲಬುರಗಿಯಲ್ಲಿ ನಮ್ಮದು ಎರಡು ಕೋಣೆಯ ಮನೆ, ಕಂಪ್ಯೂಟರ್ ಇರುವ ಕೋಣೆಯಲ್ಲೇ ಮಗಳ ತೊಟ್ಟಿಲು. ರೆಂಡರ್ ಶುರುವಾಗಿ ಎರಡು ನಿಮಿಷಕ್ಕೆ ಫ್ಯಾನು ಏರುದನಿಯಲ್ಲಿ ಕೂಗತೊಡಗುತ್ತಿತ್ತು, ಇನ್ನೆರಡು ನಿಮಿಷಕ್ಕೆ ಮಗು ಎದ್ದು ಅಳುತ್ತಿತ್ತು. ಆಮೇಲಿನ ಕೆಲವು ತಿಂಗಳು ನಾನು ಈ ಸದ್ದಿನ ಹಿಂದೆ ಬಿದ್ದೆ. ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ. ಯಾವುದು ಯಾರಿಗೆ ಸರಿ, ಯಾವುದಕ್ಕೆ ಎಷ್ಟು ದುಡ್ಡು ಮತ್ತು ಎಷ್ಟು ಅಪಾಯ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಆರ್‌ಟಿಎಕ್ಸ್ 3060, 12 ಜಿಬಿ. ಎನ್‌ವಿಡಿಯಾ ಇದಕ್ಕೆ ಕೊಟ್ಟಿರುವ ವಿದ್ಯುತ್ ಮಿತಿ 170 ವ್ಯಾಟ್. ಈ ಒಂದು ಅಂಕಿಯನ್ನು ನಿಮ್ಮ ಕಾರ್ಡಿಗೂ ತಿಳಿದುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಆರ್‌ಟಿಎಕ್ಸ್ 4060 ಆದರೆ 115 ವ್ಯಾಟ್, ಆರ್‌ಎಕ್ಸ್ 6600 ಆದರೆ 132, ಆರ್‌ಟಿಎಕ್ಸ್ 3080 ಆದರೆ 320, 4090 ಆದರೆ 450. ಕಾರ್ಡು ಎಳೆಯುವ ಪ್ರತಿ ವ್ಯಾಟೂ ಕೊನೆಗೆ ಬಿಸಿಯಾಗಿ ನಿಮ್ಮ ಕೋಣೆಗೇ ಬರುತ್ತದೆ. ಫ್ಯಾನು ಆ ಬಿಸಿಯನ್ನು ಚಿಪ್ಪಿನಿಂದ ಆಚೆ ಸಾಗಿಸುತ್ತದೆ, ಅಷ್ಟೇ. ಹೊರೆ ಹೆಚ್ಚಿದ್ದರೆ ಜೋರಾಗಿ ತಿರುಗಲೇಬೇಕು. ಹಾಗಾಗಿ ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಸದ್ದು ಇಳಿಯಬೇಕಾದರೆ ಹೊರೆ ಇಳಿಸಿ. ಫ್ಯಾನಿನ ಸೆಟ್ಟಿಂಗ್‌ಗೆ ಕೈ ಹಾಕುವುದು ಅದರ ನಂತರ.

ಮೊದಲು ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ

ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಗೇಮ್ ಅಥವಾ ರೆಂಡರ್ ಓಡಿಸಿ, ಐದು ನಿಮಿಷ ಸುಮ್ಮನೆ ಕುಳಿತು ಕೇಳಿ. ಮೂರು ಬೇರೆ ಬೇರೆ ಸದ್ದುಗಳನ್ನು ಜನ ಒಂದೇ ಹೆಸರಿನಿಂದ ಕರೆಯುತ್ತಾರೆ, ಆದರೆ ಮೂರಕ್ಕೂ ಮದ್ದು ಬೇರೆ.

ಗಾಳಿಯ ಭೋರ್ ಎನ್ನುವ ಸದ್ದು ನಿಜವಾದ ಫ್ಯಾನ್ ಸದ್ದು. ಈ ಬರಹದ ಬಹುಪಾಲು ಅದರ ಬಗ್ಗೆಯೇ. ಎರಡನೆಯದು ಕಟಕಟ ಅಥವಾ ಗರಗರ. ಅದು ಬೇರಿಂಗ್ ಸವೆದಿರುವ ಗುರುತು. ಯಾವ ಸಾಫ್ಟ್‌ವೇರೂ ಅದನ್ನು ಸರಿಮಾಡದು. ಫ್ಯಾನಿನ ಹಿಂಭಾಗದ ಸ್ಟಿಕ್ಕರ್ ಮೇಲೆ ಮಾಡೆಲ್ ನಂಬರ್ ಇರುತ್ತದೆ. ಅದೇ ನಂಬರಿನ ಬದಲಿ ಫ್ಯಾನ್ ಆನ್‌ಲೈನಿನಲ್ಲೋ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆಯೋ ಹುಡುಕಿ. ರೆಕ್ಕೆಯ ಅಗಲ, ಸ್ಕ್ರೂ ತೂತುಗಳ ಅಂತರ, ವೈರಿನ ತುದಿಯ ಪಿನ್ನುಗಳು, ಈ ಮೂರೂ ಹೊಂದಬೇಕು. ಸವೆತ ಈಗಷ್ಟೇ ಶುರುವಾಗಿದ್ದರೆ ಗರಗರ ಒಂದು ವೇಗದಲ್ಲಿ ಮಾತ್ರ ಕೇಳುತ್ತದೆ. ಆ ವೇಗವನ್ನು ದಾಟಿ ಹೋಗುವಂತೆ ಫ್ಯಾನ್ ಕರ್ವ್ (ತಾಪಕ್ಕೆ ತಕ್ಕ ಫ್ಯಾನ್ ವೇಗದ ಗೆರೆ, ಮುಂದೆ ಹೇಳಿದ್ದೇನೆ) ಹಾಕಿಕೊಂಡರೆ ಕೆಲವು ತಿಂಗಳು ದೂಡಬಹುದು.

ಮೂರನೆಯದು ಕೀಂ ಎಂದು ಸೀಳುವ ಸಣ್ಣ ದನಿ. ಅದು ಫ್ಯಾನಿನಿಂದ ಬರುವುದೇ ಇಲ್ಲ. ಕಾರ್ಡಿಗೆ ವಿದ್ಯುತ್ ಒದಗಿಸುವ ಕಾಯಿಲ್‌ಗಳು ಕಂಪಿಸುವುದರಿಂದ ಬರುತ್ತದೆ. ಪರೀಕ್ಷೆ ಸುಲಭ: ಗೇಮನ್ನು ಸೆಕೆಂಡಿಗೆ 30 ಫ್ರೇಮಿಗೆ ಕಟ್ಟಿಹಾಕಿ. ದನಿ ಬದಲಾದರೆ ಅಥವಾ ನಿಂತರೆ ಅದು ಕಾಯಿಲ್. ಫ್ಯಾನು ಎಷ್ಟು ನಿಧಾನ ಮಾಡಿದರೂ ಅದು ಹೋಗುವುದಿಲ್ಲ, ಎಳೆಯುವ ವಿದ್ಯುತ್ ಕಡಿಮೆಯಾದರೆ ಮಾತ್ರ ತಗ್ಗುತ್ತದೆ.

ಎಷ್ಟು ಬಿಸಿ ಸರಿ?

ಅನಗತ್ಯ ಸದ್ದಿಗೆ ಒಂದು ದೊಡ್ಡ ಕಾರಣ ಬಿಸಿಯ ಬಗ್ಗೆ ಇರುವ ಹೆದರಿಕೆ. 70 ಡಿಗ್ರಿ ಕಂಡರೆ ಗಾಬರಿಯಾಗಿ ಫ್ಯಾನನ್ನು 80 ಪರ್ಸೆಂಟಿಗೆ ಏರಿಸಿಕೊಂಡು ಕೂರುವವರನ್ನು ನೋಡಿದ್ದೇನೆ. 3060ಕ್ಕೆ ಎನ್‌ವಿಡಿಯಾ ಹೇಳುವ ಗರಿಷ್ಠ ತಾಪ 93 ಡಿಗ್ರಿ ಸೆಲ್ಸಿಯಸ್. 70ರಿಂದ 75ರ ನಡುವೆ ವರ್ಷಗಟ್ಟಲೆ ಓಡಿಸಲು ಅಡ್ಡಿಯಿಲ್ಲ. ಎಎಂಡಿ ಕಾರ್ಡುಗಳಲ್ಲಿ ಹಾಟ್‌ಸ್ಪಾಟ್ ಎಂಬ ಇನ್ನೊಂದು ಅಂಕಿ ಕಾಣುತ್ತದೆ. ಚಿಪ್ಪಿನ ಅತಿ ಬಿಸಿಯಾದ ಜಾಗದ ಓದು ಅದು. 110ರವರೆಗೆ ಕಂಪನಿಯೇ ಬಿಟ್ಟಿರುವುದರಿಂದ 85–90 ಕಂಡಾಕ್ಷಣ ಹೆದರಬೇಕಿಲ್ಲ. 3080, 3090ರಂಥ ಜಿಡಿಡಿಆರ್6ಎಕ್ಸ್ ಮೆಮೊರಿಯ ಕಾರ್ಡುಗಳಲ್ಲಿ ಮಾತ್ರ ಮೆಮೊರಿ ತಾಪವನ್ನೂ ಕಣ್ಣಲ್ಲಿಟ್ಟಿರಿ. ಚಿಪ್ಪು ತಂಪಾಗಿ ಕಂಡರೂ ಮೆಮೊರಿ 100 ದಾಟಿರುವುದುಂಟು, 110ಕ್ಕೆ ಅದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಈ ಅಂಕಿಗಳನ್ನೆಲ್ಲ ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ತೋರಿಸುತ್ತದೆ.

ಕೋಣೆಯ ತಾಪವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾರ್ಡಿನ ತಾಪ ಎಂದರೆ ಕೋಣೆಯ ತಾಪಕ್ಕೆ ಕೂಡಿದ ಏರಿಕೆ. ಬೆಂಗಳೂರಿನ ಡಿಸೆಂಬರಿನಲ್ಲಿ 22 ಡಿಗ್ರಿಯ ಕೋಣೆಯಲ್ಲಿ 65 ತೋರಿಸುವ ಕಾರ್ಡು, ಅದೇ ಸೆಟ್ಟಿಂಗಿನಲ್ಲಿ ನಮ್ಮೂರಿನ ಮೇ ತಿಂಗಳ 36 ಡಿಗ್ರಿಯ ಕೋಣೆಯಲ್ಲಿ 79ರ ಹತ್ತಿರ ತೋರಿಸಿದರೆ ಕಾರ್ಡಿಗೆ ಏನೂ ಆಗಿಲ್ಲ. ವಿದೇಶದವರು ವಿಡಿಯೊದಲ್ಲಿ ತೋರಿಸುವ 60 ಡಿಗ್ರಿಯನ್ನು ನಮ್ಮ ಬೇಸಿಗೆಯಲ್ಲಿ ಬೆನ್ನಟ್ಟಿದರೆ ಸಿಗುವುದು ಸದ್ದು ಮಾತ್ರ.

ಧೂಳು ಮತ್ತು ಗೂಡು

ಖರ್ಚಿಲ್ಲದ ಮೊದಲ ದಾರಿ ಇದು, ಇದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಡಿ. ಒಂದೂವರೆ ವರ್ಷದ ಮೇಲೆ ನನ್ನ ಕಾರ್ಡು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಾಗ ಹೀಟ್‌ಸಿಂಕಿನ (ಚಿಪ್ಪಿನ ಬಿಸಿ ಹೀರುವ ಲೋಹದ ಭಾಗ) ತೆಳು ಎಲೆಗಳ ನಡುವೆ ಬೆಳಕೇ ಬರುತ್ತಿರಲಿಲ್ಲ. ಬೂದುಬಣ್ಣದ ಕಂಬಳಿಯ ತುಂಡಿನಂಥ ಪದರ, ಬೆರಳಲ್ಲಿ ಎಳೆದರೆ ಇಡಿಯಾಗಿ ಎದ್ದು ಬಂತು. ಫ್ಯಾನು ಎಷ್ಟು ತಿರುಗಿದರೂ ಗಾಳಿ ಹೋಗಲು ದಾರಿಯಿಲ್ಲದಿದ್ದರೆ ಅದೇನು ಮಾಡೀತು?

ಮನೆಯ ಹೊರಗೆ ಕುಳಿತು ಬ್ಲೋವರಿನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ತುದಿಯಲ್ಲಿ ಸ್ಥಿರವಿದ್ಯುತ್ ಕೂಡುತ್ತದೆ.

ಆಮೇಲೆ ಗೂಡು. ನಮ್ಮ ಕಡೆ ಬಹಳ ಮನೆಗಳಲ್ಲಿ ಕಂಪ್ಯೂಟರ್ ಟೇಬಲ್ಲಿನ ಒಂದು ಬದಿಗೆ ಸಿಪಿಯು ಇಡಲೆಂದೇ ಮರದ ಗೂಡು ಇರುತ್ತದೆ, ಅದರ ಬೆನ್ನು ಗೋಡೆಗೆ ಒತ್ತಿರುತ್ತದೆ. ಕಾರ್ಡು ಹೊರಬಿಟ್ಟ ಬಿಸಿಗಾಳಿಯನ್ನು ತಾನೇ ಮತ್ತೆ ಎಳೆದುಕೊಳ್ಳುವ ಸ್ಥಿತಿ ಅದು. ಹೊರಗೆ ತೆಗೆದು, ಗೋಡೆಯಿಂದ ಒಂದು ಗೇಣು ದೂರ, ಎತ್ತರದ ಮಣೆಯ ಮೇಲಿಡಿ. ಕ್ಯಾಬಿನೆಟ್ಟಿನದೇ ತಪ್ಪೋ ಎಂದು ತಿಳಿಯಲು ಒಂದು ಉಪಾಯವಿದೆ. ಬಾಗಿಲು ಮುಚ್ಚಿ ಇಪ್ಪತ್ತು ನಿಮಿಷ ಓಡಿಸಿ ತಾಪ ಬರೆದುಕೊಳ್ಳಿ, ತೆಗೆದು ಇನ್ನಿಪ್ಪತ್ತು ನಿಮಿಷ ಓಡಿಸಿ. ಐದಾರು ಡಿಗ್ರಿಗಿಂತ ಹೆಚ್ಚು ಇಳಿದರೆ ಕಾರ್ಡಿಗೆ ಗಾಳಿ ಸಾಲುತ್ತಿಲ್ಲ. ಮುಂದೆ ಎರಡು ಫ್ಯಾನು ಒಳಗೆಳೆಯಲು, ಹಿಂದೆ ಒಂದು ಹೊರತಳ್ಳಲು ಇದ್ದರೆ ಸಾಮಾನ್ಯ ಕ್ಯಾಬಿನೆಟ್ಟಿಗೆ ಸಾಕು. ಮುಂಭಾಗ ಪೂರ್ತಿ ಗಾಜಾಗಿದ್ದರೆ ಎಷ್ಟು ಫ್ಯಾನು ಹಾಕಿದರೂ ಅಷ್ಟಕ್ಕಷ್ಟೇ.

ಬೇಸಿಗೆಯಲ್ಲಿ ನೀರಿನ ಕೂಲರ್ ಇಡುವವರು ಅದರ ಗಾಳಿ ಕ್ಯಾಬಿನೆಟ್ಟಿಗೆ ನೇರ ಬೀಳದಂತೆ ನೋಡಿಕೊಳ್ಳಿ. ಕೋಣೆ ತಂಪಾದರೆ ಕಾರ್ಡಿಗೂ ಒಳ್ಳೆಯದೇ, ಆದರೆ ಸಿಡಿಯುವ ಸಣ್ಣ ಹನಿ ಮತ್ತು ಧೂಳು ಸೇರಿ ಎಲೆಗಳ ಮೇಲೆ ಕೆಸರಿನಂತೆ ಗಟ್ಟಿಯಾಗುತ್ತದೆ. ಅದು ಬ್ಲೋವರಿಗೆ ಬರುವುದಿಲ್ಲ.

ಫ್ಯಾನ್ ಕರ್ವ್, ಪವರ್ ಲಿಮಿಟ್, ಅಂಡರ್‌ವೋಲ್ಟ್

ನಿಜವಾದ ಆಯ್ಕೆ ಇರುವುದು ಈ ಮೂರರ ನಡುವೆ. ಮೂರೂ ಉಚಿತ, ಮೂರೂ ಸಾಫ್ಟ್‌ವೇರಿನಲ್ಲೇ ಆಗುತ್ತವೆ. ವಿಂಡೋಸಿನಲ್ಲಿ ಎಂಎಸ್‌ಐ ಆಫ್ಟರ್‌ಬರ್ನರ್ ಸಾಕು, ಯಾವ ಕಂಪನಿಯ ಕಾರ್ಡಿಗೂ ನಡೆಯುತ್ತದೆ. ಎಎಂಡಿಯವರಿಗೆ ಅಡ್ರಿನಲಿನ್ ಸಾಫ್ಟ್‌ವೇರಿನ ಟ್ಯೂನಿಂಗ್ ಭಾಗದಲ್ಲೇ ಎಲ್ಲ ಇದೆ.

ಫ್ಯಾನ್ ಕರ್ವ್ ಎಂದರೆ ಯಾವ ತಾಪಕ್ಕೆ ಫ್ಯಾನು ಎಷ್ಟು ತಿರುಗಬೇಕೆಂದು ನಾವೇ ಗೆರೆ ಎಳೆದುಕೊಡುವುದು. ಜನ ಮೊದಲು ಕೈಹಾಕುವುದು ಇದಕ್ಕೇ, ನಾನೂ ಹಾಕಿದೆ. ಇದರ ಮಿತಿಯನ್ನು ಅರಿತಿರಬೇಕು: ಇದು ಸದ್ದು ಮತ್ತು ಬಿಸಿಯನ್ನು ಅದಲುಬದಲು ಮಾಡುತ್ತದೆ, ಎರಡನ್ನೂ ಒಟ್ಟಿಗೆ ಇಳಿಸುವುದಿಲ್ಲ. 2013ರಲ್ಲಿ ಎಎಂಡಿ ತಂದ ಆರ್9 290ಎಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. 95 ಡಿಗ್ರಿಯಲ್ಲೇ ಓಡುವಂತೆ ಮಾಡಿದ್ದ ಕಾರ್ಡದು. ಮೇಲೊಂದು ಸ್ವಿಚ್ಚಿತ್ತು. ಒಂದು ಬದಿಗೆ ಫ್ಯಾನು 40 ಪರ್ಸೆಂಟ್ ದಾಟುತ್ತಿರಲಿಲ್ಲ, ಇನ್ನೊಂದು ಬದಿಗೆ 55 ದಾಟುತ್ತಿರಲಿಲ್ಲ. ಸದ್ದು ಬೇಡವೆಂದವರಿಗೆ ವೇಗ ಕಡಿಮೆ, ವೇಗ ಬೇಕೆಂದವರಿಗೆ ಕಿವಿಗೆ ಹಿಂಸೆ. ಹೊರೆ ಹಾಗೇ ಇಟ್ಟು ಫ್ಯಾನೊಂದನ್ನೇ ತಿರುಗಿಸಿದರೆ ಯಾವ ಕಾರ್ಡಿನಲ್ಲೂ ಆಗುವುದು ಇದೇ.

ಆದರೂ ಕರ್ವ್ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಫ್ಯಾನು ಏರುವುದು, ಇಳಿಯುವುದು, ಮತ್ತೆ ಏರುವುದು, ಈ ಆಟವನ್ನು ನಿಲ್ಲಿಸುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗುತ್ತದೆ, ನಿದ್ದೆಗೆಡಿಸುವುದು ಏರಿಳಿತ. ನನ್ನ ಮಗಳು ಏಳುತ್ತಿದ್ದುದೂ ಸದ್ದು ಬದಲಾದ ಗಳಿಗೆಯಲ್ಲೇ. ಆಫ್ಟರ್‌ಬರ್ನರಿನ ಫ್ಯಾನ್ ಪುಟದಲ್ಲಿ ಹಿಸ್ಟರಿಸಿಸ್ ಎಂಬ ಅಂಕಿ ಇದೆ. ಅದನ್ನು 4 ಅಥವಾ 5 ಮಾಡಿ. ತಾಪ ಅಷ್ಟು ಡಿಗ್ರಿ ಇಳಿಯುವ ತನಕ ಫ್ಯಾನು ನಿಧಾನಿಸುವುದಿಲ್ಲ. ಕರ್ವಿನಲ್ಲಿ ಮೆಟ್ಟಿಲುಗಳು ಬೇಡ, ಇಳಿಜಾರು ಮೆಲ್ಲಗಿರಲಿ. ತುದಿಯಲ್ಲಿ ಮಾತ್ರ, 85ರ ಮೇಲೆ, ಕಡಿದಾಗಿ ಏರಲಿ. ಏನಾದರೂ ಕೆಟ್ಟರೆ ಕಾಯುವುದು ಆ ತುದಿ.

ಫ್ಯಾನು ಸ್ವಲ್ಪ ನಿಧಾನವಾದರೂ ಕಿವಿಗೆ ಬಹಳ ಲಾಭ. ವೇಗ ಅರ್ಧವಾದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಅರ್ಧವಾದಂತೆ ಕೇಳುತ್ತದೆ. ಹೊರೆಯನ್ನು ಕಾಲುಭಾಗ ಇಳಿಸಿದರೂ ಇಷ್ಟು ಬದಲಾವಣೆ ಕೇಳಿಸುವುದು ಇದರಿಂದಲೇ.

ಹೊರೆ ಇಳಿಸಲು ಸುಲಭ ದಾರಿ ಪವರ್ ಲಿಮಿಟ್. ಆಫ್ಟರ್‌ಬರ್ನರಿನಲ್ಲಿ ಒಂದು ಸ್ಲೈಡರ್. 100ರಿಂದ 75ಕ್ಕೆ ಎಳೆದು ಸರಿ ಒತ್ತಿದರೆ ಮುಗಿಯಿತು. 170 ವ್ಯಾಟಿನ ಕಾರ್ಡು ಸುಮಾರು 128 ವ್ಯಾಟಿಗಿಂತ ಮೇಲೆ ಹೋಗುವುದಿಲ್ಲ. ಫ್ಯಾನಿನ ವೇಗ ಅಷ್ಟೇ ಇದ್ದರೆ ಏರಿಕೆಯೂ ಆ ಪ್ರಮಾಣದಲ್ಲೇ ತಗ್ಗುತ್ತದೆ. ಕೋಣೆಗಿಂತ 45 ಡಿಗ್ರಿ ಮೇಲಿದ್ದದ್ದು 34ರ ಆಸುಪಾಸಿಗೆ ಬರುತ್ತದೆ. ಆ ಹತ್ತು ಡಿಗ್ರಿಯನ್ನು ಹಾಗೇ ಉಳಿಸಿಕೊಳ್ಳಬಹುದು, ಅಥವಾ ಫ್ಯಾನು ನಿಧಾನ ಮಾಡಿ ಸದ್ದಿಲ್ಲದ ರಾತ್ರಿಯಾಗಿ ಬದಲಿಸಿಕೊಳ್ಳಬಹುದು. ವೇಗ ಕಾಲುಭಾಗ ಕಡಿಮೆಯಾಗುತ್ತದೆಯೇ? ಇಲ್ಲ. ಕಂಪನಿಗಳು ಕಾರ್ಡನ್ನು ಅದರ ಶಕ್ತಿಯ ಕಟ್ಟಕಡೆಯ ಅಂಚಿಗೆ ತಳ್ಳಿ ಮಾರುತ್ತವೆ, ಆ ಕೊನೆಯ ಸ್ವಲ್ಪ ವೇಗಕ್ಕೆ ವಿಪರೀತ ವಿದ್ಯುತ್ ಬೇಕು. ನನ್ನ ಕಾರ್ಡಿನಲ್ಲಿ ಒಂದು ಗಂಟೆಯ ರೆಂಡರ್ ಸುಮಾರು ನಾಲ್ಕು ನಿಮಿಷ ಹೆಚ್ಚು ಹಿಡಿಯಿತು, ಅಷ್ಟೇ. ಮಲಗಿರುವಾಗ ನಾಲ್ಕು ನಿಮಿಷ ಏನು ಲೆಕ್ಕ?

ಪವರ್ ಲಿಮಿಟ್‌ನಿಂದ ಕಾರ್ಡು ಕೆಡುವ, ಕಂಪ್ಯೂಟರ್ ಹ್ಯಾಂಗ್ ಆಗುವ ಭಯವಿಲ್ಲ. ಕಂಪನಿಯೇ ಇಟ್ಟ ಗೆರೆಯೊಳಗೆ ಅದು ನಡೆಯುತ್ತದೆ. ಲಿನಕ್ಸಿನಲ್ಲಿ ಎನ್‌ವಿಡಿಯಾ-ಎಸ್‌ಎಂಐ ಎಂಬ ಆದೇಶದಿಂದ ಒಂದೇ ಸಾಲಿನಲ್ಲಿ ವ್ಯಾಟ್ ಮಿತಿ ಹಾಕಬಹುದು. ಮತ್ತೆ ಆನ್ ಮಾಡಿದಾಗ ಅದು ಅಳಿಸಿಹೋಗುವುದರಿಂದ ಪ್ರತಿ ಸಲ ತಾನೇ ಓಡುವಂತೆ ಸೇರಿಸಿಡಬೇಕು. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ಅಂಡರ್‌ವೋಲ್ಟ್ ಇನ್ನೊಂದು ಹೆಜ್ಜೆ ಮುಂದೆ. ವೇಗ ಹೆಚ್ಚುಕಡಿಮೆ ಹಾಗೇ ಇಟ್ಟು ವೋಲ್ಟೇಜ್ ಇಳಿಸುವುದು. ಚಿಪ್ಪು ನುಂಗುವ ವಿದ್ಯುತ್ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1.05 ವೋಲ್ಟಿನಿಂದ 0.85ಕ್ಕೆ ಇಳಿಸಿದರೆ ಅದೇ ವೇಗಕ್ಕೆ ಚಿಪ್ಪಿನ ಪಾಲಿನಲ್ಲಿ ಮೂರನೇ ಒಂದು ಭಾಗ ಉಳಿತಾಯ. ಮೆಮೊರಿ, ಫ್ಯಾನುಗಳ ಪಾಲು ಬದಲಾಗದ ಕಾರಣ ಇಡೀ ಕಾರ್ಡಿನ ಉಳಿತಾಯ ಅದಕ್ಕಿಂತ ಕಡಿಮೆ, ಆದರೂ ದೊಡ್ಡದೇ. ಆಫ್ಟರ್‌ಬರ್ನರಿನಲ್ಲಿ ಮಾಡುವ ಕ್ರಮ ಹೀಗೆ: ಕೋರ್ ಕ್ಲಾಕನ್ನು (ಚಿಪ್ಪಿನ ವೇಗ) ಮೈನಸ್ 200ಕ್ಕೆ ಇಳಿಸಿ, ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಗೆರೆಯೊಂದು ತೆರೆಯುತ್ತದೆ. 850 ಮಿಲಿವೋಲ್ಟಿನ ಮೇಲಿರುವ ಚುಕ್ಕೆಯನ್ನು ಹಿಡಿದು 1800 ಮೆಗಾಹರ್ಟ್ಸಿಗೆ ಏರಿಸಿ ಸರಿ ಒತ್ತಿ. ಅದರ ಬಲಗಡೆಯ ಗೆರೆಯೆಲ್ಲ ಮಟ್ಟಸವಾಗುತ್ತದೆ. ಇನ್ನು ಕಾರ್ಡು 850 ದಾಟುವುದಿಲ್ಲ. ಈ ಅಂಕಿಗಳು ನನ್ನ 3060ಕ್ಕೆ ಹೊಂದಿದವು, ನಿಮ್ಮದಕ್ಕೆ ಹೊಂದಲೇಬೇಕೆಂದಿಲ್ಲ. ಒಂದೇ ಮಾಡೆಲ್ಲಿನ ಎರಡು ಚಿಪ್ಪುಗಳೂ ಒಂದೇ ಥರ ಇರುವುದಿಲ್ಲ.

ತೊಂದರೆ ಇರುವುದು ಪರೀಕ್ಷೆಯಲ್ಲಿ. ವೋಲ್ಟೇಜ್ ಅತಿ ಕಡಿಮೆಯಾದರೆ ಕಾರ್ಡು ಹಾಳಾಗುವುದಿಲ್ಲ, ಆದರೆ ಗೇಮ್ ಮುಚ್ಚಿಕೊಳ್ಳುತ್ತದೆ ಅಥವಾ ಪರದೆ ಕಪ್ಪಾಗುತ್ತದೆ. ಅದೂ ಮೂರು ದಿನ ಸರಿಯಾಗಿ ಓಡಿ ನಾಲ್ಕನೆಯ ದಿನ. ನನಗೆ ಹೀಗೆ ಆರು ಗಂಟೆಯ ರೆಂಡರ್ ಬೆಳಗಿನ ಜಾವ ನಿಂತುಹೋಗಿತ್ತು, 825ರಲ್ಲಿ ಇಟ್ಟಿದ್ದೆ. 850ಕ್ಕೆ ಏರಿಸಿದ ಮೇಲೆ ಮತ್ತೆ ಆಗಿಲ್ಲ. ಗಡುವಿನ ಕೆಲಸ ಮಾಡುವವರು ಸಿಕ್ಕ ಕನಿಷ್ಠ ಅಂಕಿಗಿಂತ 25 ಮಿಲಿವೋಲ್ಟ್ ಮೇಲೆ ನಿಲ್ಲಿ. ಈಗ ನನ್ನ ಕಾರ್ಡು ರೆಂಡರಿನಲ್ಲಿ 130 ವ್ಯಾಟಿನ ಸುತ್ತ ಇರುತ್ತದೆ, ಸಮಯದ ವ್ಯತ್ಯಾಸ ಗಡಿಯಾರ ಹಿಡಿದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಗೇಮ್ ಆಡುವವರಿಗೆ ಇನ್ನೂ ಒಂದು ಸುಲಭ ದಾರಿಯಿದೆ, ಫ್ರೇಮ್ ಮಿತಿ. ನಿಮ್ಮ ಮಾನಿಟರ್ 60 ಹರ್ಟ್ಸಿನದಾಗಿದ್ದು ಗೇಮ್ 140 ಫ್ರೇಮ್ ಹೊರಡಿಸುತ್ತಿದ್ದರೆ ಮಿಕ್ಕ 80 ಫ್ರೇಮಿನ ಬಿಸಿ ವ್ಯರ್ಥ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನಲ್ಲಿ ಗರಿಷ್ಠ ಫ್ರೇಮ್ ರೇಟನ್ನು 60ಕ್ಕೆ ಕಟ್ಟಿ. ಕೆಲವು ಹಳೆಯ ಗೇಮುಗಳ ಮೆನು ಪುಟದಲ್ಲೇ ಫ್ಯಾನು ಅರಚುವುದು ನಿಲ್ಲುತ್ತದೆ. ರೆಂಡರ್ ಮಾಡುವವರಿಗೆ ಇದರಿಂದ ಉಪಯೋಗವಿಲ್ಲ.

ಕಾರ್ಡು ಬಿಚ್ಚುವ ದಾರಿಗಳು

ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಬಿಸಿ ದಾಟಿಸಲು ಹಚ್ಚಿರುವ ಥರ್ಮಲ್ ಪೇಸ್ಟ್ ಬದಲಿಸುವುದು ಎಲ್ಲರಿಗೂ ಬೇಕಾದ ಮದ್ದಲ್ಲ. ಧೂಳು ತೆಗೆದ ಮೇಲೂ ಹಾಟ್‌ಸ್ಪಾಟ್ ಮತ್ತು ಸಾಮಾನ್ಯ ತಾಪದ ನಡುವಿನ ಅಂತರ 25 ಡಿಗ್ರಿ ದಾಟಿದ್ದರೆ, ಅದೂ ಮೊದಲು ಕಡಿಮೆ ಇದ್ದು ಈಗ ಬೆಳೆದಿದ್ದರೆ, ಪೇಸ್ಟ್ ಒಣಗಿದೆ ಅಥವಾ ಚಿಪ್ಪಿನ ನಡುವಿನಿಂದ ಅಂಚಿಗೆ ಸರಿದಿದೆ ಎಂದು ಅರ್ಥ. ಆಗ ಮಾತ್ರ ಬಿಚ್ಚಿ. ಪೇಸ್ಟಿನ ಬದಲು ಹನಿವೆಲ್‌ನ ಪಿಟಿಎಂ7950 ಹಾಳೆ ಹಾಕುವುದು ನನಗೆ ಹೆಚ್ಚು ಮೆಚ್ಚು. ಬಿಸಿಗೆ ಕರಗಿ ಕೂರುತ್ತದೆ, ಪೇಸ್ಟಿನಂತೆ ಬೇಗ ಅಂಚಿಗೆ ಸರಿದುಹೋಗುವುದಿಲ್ಲ. ನಿಜವಾದದ್ದನ್ನೇ ನಂಬಿಕಸ್ಥರಿಂದ ಕೊಳ್ಳಿ. ವಾರಂಟಿ ಬಾಕಿಯಿದ್ದು ಸ್ಕ್ರೂ ಮೇಲೆ ಸ್ಟಿಕ್ಕರ್ ಇದ್ದರೆ ಮೊದಲು ಕಂಪನಿಯ ಸರ್ವಿಸ್ ಕಡೆ ಕೇಳಿ.

ಥರ್ಮಲ್ ಪ್ಯಾಡಿನಲ್ಲಿ ಬಹಳ ಎಚ್ಚರ ಬೇಕು. ಮೆಮೊರಿ ಚಿಪ್ಪುಗಳ ಮೇಲಿನ ಆ ಮೆತ್ತನೆ ಪಟ್ಟಿಗಳ ದಪ್ಪ ಕಾರ್ಡಿನಿಂದ ಕಾರ್ಡಿಗೆ ಬೇರೆ. ನನ್ನ ಹಳೆಯ ಕಾರ್ಡನ್ನು ಒಂದು ಅಂಗಡಿಗೆ ಕೊಟ್ಟಿದ್ದೆ, 1 ಮಿಲಿಮೀಟರಿನ ಜಾಗಕ್ಕೆ ಒಂದೂವರೆಯದನ್ನು ಹಾಕಿ ಕಳಿಸಿದ್ದರು. ಹೀಟ್‌ಸಿಂಕ್ ಪ್ಯಾಡುಗಳ ಮೇಲೆ ಕೂತು ಮುಖ್ಯ ಚಿಪ್ಪಿಗೆ ಸರಿಯಾಗಿ ತಾಗುತ್ತಲೇ ಇರಲಿಲ್ಲ. ಮನೆಗೆ ತಂದು ಹಚ್ಚಿದರೆ ಅರ್ಧ ನಿಮಿಷಕ್ಕೆ 90 ದಾಟಿತು. ಬಿಚ್ಚುವ ಮೊದಲೇ ನಿಮ್ಮ ಮಾಡೆಲ್ಲಿನ ದಪ್ಪ ತಿಳಿದುಕೊಂಡಿರಿ.

ಇನ್ನು ಕಾರ್ಡಿನದೇ ಪ್ಲಾಸ್ಟಿಕ್ ಮುಚ್ಚಳ ಮತ್ತು ಸಣ್ಣ ಫ್ಯಾನುಗಳನ್ನು ತೆಗೆದು, 120 ಮಿಲಿಮೀಟರಿನ ಎರಡು ಕ್ಯಾಬಿನೆಟ್ ಫ್ಯಾನುಗಳನ್ನು ಕೇಬಲ್ ಟೈಯಿಂದ ಹೀಟ್‌ಸಿಂಕಿಗೆ ಕಟ್ಟುವುದು. ಡಿಶ್ರೌಡ್ ಎನ್ನುತ್ತಾರೆ. ನೋಡಲು ಒರಟು, ಫಲ ಮಾತ್ರ ಅದ್ಭುತ. ದಪ್ಪನೆಯ ದೊಡ್ಡ ರೆಕ್ಕೆ ನಿಧಾನ ತಿರುಗಿಯೂ ಹೆಚ್ಚು ಗಾಳಿ ತಳ್ಳುತ್ತದೆ. ಆರ್ಕ್ಟಿಕ್ ಪಿ12 ಆದರೆ ಕಡಿಮೆ ಖರ್ಚು, ನಾಕ್ಚುವಾ ಎನ್‌ಎಫ್-ಎ12ಎಕ್ಸ್25 ಆದರೆ ದುಬಾರಿ ಆದರೆ ಇನ್ನೂ ಮೃದು. ಕಾರ್ಡು ಮೂರೂವರೆ ಸ್ಲಾಟಿನಷ್ಟು ದಪ್ಪವಾಗುವುದರಿಂದ ಕೆಳಗೆ ಜಾಗವಿದೆಯೇ ಅಳೆಯಿರಿ. ಫ್ಯಾನುಗಳನ್ನು ಮದರ್‌ಬೋರ್ಡಿಗೆ ಸಿಕ್ಕಿಸಿ, ಫ್ಯಾನ್‌ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕಾರ್ಡಿನ ತಾಪಕ್ಕೆ ಹೊಂದಿಸಿ. ಮದರ್‌ಬೋರ್ಡು ಸಾಮಾನ್ಯವಾಗಿ ಕಾರ್ಡಿನ ತಾಪವನ್ನು ತಾನಾಗಿ ನೋಡುವುದಿಲ್ಲ. ವಾರಂಟಿ ಮುಗಿದು, ಮೂಲ ಫ್ಯಾನಿನ ಬೇರಿಂಗೂ ಹೋದವರಿಗೆ ಇದು ಅತ್ಯುತ್ತಮ ದಾರಿ.

ನೀರಿನ ಕೂಲಿಂಗಿಗೆ ಹೋಗಬೇಕೆ? 300 ವ್ಯಾಟ್ ಮೀರಿದ ಕಾರ್ಡುಗಳಿಗೆ ಯೋಚಿಸಬಹುದು. 170 ವ್ಯಾಟಿಗೆ ಅಷ್ಟು ದುಡ್ಡು, ಪಂಪಿನ ಸದ್ದು, ಸೋರುವ ಚಿಂತೆ ಯಾವುದೂ ಬೇಕಿಲ್ಲ.

ಯಾರಿಗೆ ಯಾವುದು

ಕಾರ್ಡು ಹೊಸದು, ವಾರಂಟಿ ಇದೆ, ಇದರ ಬಗ್ಗೆ ಓದಲು ಪುರುಸೊತ್ತಿಲ್ಲ ಎಂದರೆ ಪವರ್ ಲಿಮಿಟ್ 75, ಫ್ರೇಮ್ ಮಿತಿ, ಹಿಸ್ಟರಿಸಿಸ್ 5, ಹತ್ತು ನಿಮಿಷದ ಕೆಲಸ. ಆಸುಸ್ ಟಫ್, ಸಫೈರ್ ನೈಟ್ರೊ ಥರದ ಕೆಲವು ಕಾರ್ಡುಗಳ ಅಂಚಿನಲ್ಲಿ ಬಯಾಸ್ (ಕಾರ್ಡಿನೊಳಗೇ ಇರುವ, ಫ್ಯಾನು-ವಿದ್ಯುತ್ತಿನ ಮೂಲ ಸೆಟ್ಟಿಂಗ್) ಬದಲಿಸುವ ಸಣ್ಣ ಸ್ವಿಚ್ ಇರುತ್ತದೆ. ಕಂಪ್ಯೂಟರ್ ಆಫ್ ಮಾಡಿ ಅದನ್ನು ಕ್ವಯಟ್ ಕಡೆಗೆ ಸರಿಸಿದರೆ ಅದೂ ಬೇಕಿಲ್ಲ. ವೇಗವೂ ಬಿಡಲಾರೆ, ಒಂದು ವಾರ ಪರೀಕ್ಷೆಗೆ ಕೊಡಬಲ್ಲೆ ಎನ್ನುವವರಿಗೆ ಅಂಡರ್‌ವೋಲ್ಟ್. ಲ್ಯಾಪ್‌ಟಾಪಿನವರಿಗೆ ಧೂಳು, ಫ್ರೇಮ್ ಮಿತಿ, ಅಂಡರ್‌ವೋಲ್ಟ್ ಮೂರೇ ಉಳಿಯುತ್ತವೆ. ಹಿಂಭಾಗವನ್ನು ಎರಡು ಬೆರಳು ಎತ್ತರಿಸಿಡುವುದೂ ಅಲ್ಲಿ ಕೆಲಸ ಮಾಡುತ್ತದೆ. ಹಳೆಯ ಕಾರ್ಡಿನವರು ಮೊದಲು ಧೂಳು, ಆಮೇಲೆ ಪಿಟಿಎಂ ಹಾಳೆ, ಫ್ಯಾನು ಗರಗರ ಎಂದರೆ ಡಿಶ್ರೌಡ್.

ಆಫ್ಟರ್‌ಬರ್ನರಿನಲ್ಲಿ ಐದು ಪ್ರೊಫೈಲ್ ಉಳಿಸಬಹುದು, ನಾನು ಎರಡನ್ನು ಬಳಸುತ್ತೇನೆ. ಮೊದಲನೆಯದು 850 ಮಿಲಿವೋಲ್ಟ್, 1800 ಮೆಗಾಹರ್ಟ್ಸ್, ಫ್ಯಾನು 45 ಪರ್ಸೆಂಟ್ ದಾಟದಂತೆ. ಯುಗಾದಿ ಕಳೆದು ರಾತ್ರಿ ಹನ್ನೊಂದಕ್ಕೂ ಕೋಣೆ 34 ಡಿಗ್ರಿ ತೋರಿಸತೊಡಗಿದಾಗ ಎರಡನೆಯದಕ್ಕೆ ಬರುತ್ತೇನೆ: ಅದೇ ಅಂಡರ್‌ವೋಲ್ಟ್, ಜೊತೆಗೆ ಪವರ್ ಲಿಮಿಟ್ 65, ಅಂದರೆ 110 ವ್ಯಾಟ್. ಫ್ಯಾನು ಅದೇ 45ರಲ್ಲೇ ಇರುತ್ತದೆ, ರೆಂಡರ್ ಸ್ವಲ್ಪ ತಡವಾಗುತ್ತದೆ, ಮಗು ಏಳುವುದಿಲ್ಲ. ಮಿರಗದ ಮಳೆ ಬಿದ್ದು ಕೋಣೆ ತಣ್ಣಗಾದ ಮೇಲೆ ಮತ್ತೆ ಮೊದಲನೆಯದು.